ಉದ್ದನೆಯವನ ಹಿಂದೆ

ಬೆನ್ನಿಗೆ ಬೆರಳು ತಾಗಿತು, ಕದ ತಟ್ಟಿದ ಹಾಗೆ, ಎರಡು ಸಲ.
ತಿರುಗದೆಯೇ ಗೊತ್ತಾಯಿತು.
ಆರಡಿ ನಾಲ್ಕಿಂಚಿನ ಮನುಷ್ಯನ ಹಿಂದೆ
ಯಾವಾಗಲೂ ಒಂದು ತಕರಾರು ನಿಂತಿರುತ್ತದೆ.

ಶಾಲೆಯ ಫೋಟೋದಲ್ಲಿ ಹಿಂದಿನ ಸಾಲು,
ತರಗತಿಯಲ್ಲಿ ಕಡೆಯ ಬೆಂಚು,
ಟೆಂಟ್ ಸಿನಿಮಾದಲ್ಲಿ ಕಂಬಕ್ಕೆ ಒರಗಿ.
'ಉದ್ದ ಆಳಿಗೆ ಬುದ್ಧಿ ಮೊಣಕಾಲಲ್ಲಿ' ಅನ್ನುತ್ತಿದ್ದರು ಸಂಗಯ್ಯ ಮಾಸ್ತರು.
ಬೋರ್ಡಿನ ಮೇಲ್ತುದಿ ಒರೆಸಲು ಮಾತ್ರ
ನನ್ನನ್ನೇ ಕರೆಯುತ್ತಿದ್ದರು.

ಇಲ್ಲಿ ಸೋಹಾರ್‌ನಲ್ಲಿ, ಹಗಲಿಡೀ
ತೊಂಬತ್ತು ಮೀಟರ್ ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಿರುತ್ತೇನೆ.
ಬೆನ್ನ ಹಿಂದೆ ಸಮುದ್ರವೊಂದೇ.
ಅದು ಇವತ್ತಿನವರೆಗೂ 'ಸ್ವಲ್ಪ ಸರಿಯಪ್ಪ' ಅಂದಿಲ್ಲ.

ಗುರುವಾರ ರಾತ್ರಿ. ದಂಡೆಯ ಪಾರ್ಕಿನಲ್ಲಿ ಪುಕ್ಕಟೆ ಸಂಗೀತ.
ಜನವರಿ; ಪೆಟ್ಟಿಗೆಯ ತಳದ ಸ್ವೆಟರಿಗೂ ಒಂದು ನೆಪ.
ಹಗ್ಗದ ಆಚೆ ಚಾಪೆ ಹಾಸಿದ ಫ್ಯಾಮಿಲಿಗಳು,
ಈಚೆ ನಾವು ಬ್ಯಾಚುಲರ್‌ಗಳು.
ಮೂರು ಮಕ್ಕಳ ತಂದೆಯೂ ಹಗ್ಗದ ಈಚೆ ಬ್ಯಾಚುಲರ್ರೇ.

ಮುಂದಿನವನು ಟ್ಯಾಬ್ ಎತ್ತಿದ, ರೊಟ್ಟಿ ತಟ್ಟುವ ಹಲಗೆಯಷ್ಟು ಅಗಲ.
ಅವನ ಹಿಂದಿನವನು ಫೋನು ಎತ್ತಿ
ಆ ಟ್ಯಾಬಿನೊಳಗಿನ ವೇದಿಕೆಯನ್ನು ಹಿಡಿದ.
ಮಗುವನ್ನು ಹೆಗಲಿಗೇರಿಸಿದವನಿಗೆ ಯಾರೂ ಏನೂ ಅನ್ನಲಿಲ್ಲ.
ಉಳಿದವನು ನಾನು.

ತಿರುಗಿದೆ. ನನ್ನ ಮೊಣಕೈ ಮಟ್ಟದಲ್ಲಿ ಒಂದು ಮುಖ.
ಕೊಲಂಬೊದಿಂದಲೂ ಆಚೆ ಯಾವುದೋ ಊರು, ಹೆಸರು ನಿಲ್ಮಿಣಿ.
ಒಂದು ಫ್ಯಾಮಿಲಿಯಲ್ಲಿ ಅಡುಗೆಗಿದ್ದಾಳೆ;
ರಜೆಯ ರಾತ್ರಿ ಅವಳೂ ಹಗ್ಗದ ಈಚೆ.
ಅರಬ್ಬಿಯೂ ಅಲ್ಲದ, ಹಿಂದಿಯೂ ಅಲ್ಲದ,
ಗಲ್ಫಿನಲ್ಲಿ ಮಾತ್ರ ಚಲಾವಣೆಯಿರುವ ಮಾತಿನಲ್ಲಿ ಅಂದಳು:
'ನೀನು ಗೋಡೆ. ಗೋಡೆ ಅಂದಮೇಲೆ ಕಿಟಕಿ ಬೇಡವಾ?'

ಸರಿದು ಜಾಗ ಬಿಟ್ಟೆ. ಅವಳು ಮುಂದೆ ಬಂದಳು.
ಅಲ್ಲಿ ಇನ್ನೊಂದು ಬೆನ್ನು. ಅದರಾಚೆ ಮತ್ತೊಂದು.
ನಾನು ಕೂತೆ. ಯಾರೋ ತಲೆಯ ಮೇಲೆ ಚಹಾ ಚೆಲ್ಲಿದರು.
ಎದ್ದೆ, ಮಂಡಿ ಮಡಿಸಿಕೊಂಡೇ, ಅರ್ಧ ಎತ್ತರದಲ್ಲಿ,
ಸಾಲ ಕೇಳಲು ಬಂದವನ ಹಾಗೆ.

ಆಗ ನೆನಪಾದವನು ದಿಲಾವರ್.
ಕಟ್ಟಡದ ಆ ಬದಿಗೆ ಕಬ್ಬಿಣ ಇಳಿಸುವಾಗ
ಮೇಲಿರುವ ನನಗೆ ಏನೇನೂ ಕಾಣುವುದಿಲ್ಲ.
ಕೆಳಗಿನಿಂದ ಅವನು ವಾಕಿಟಾಕಿಯಲ್ಲಿ ಹೇಳುತ್ತಾನೆ:
ಎಡಕ್ಕೆ, ಇನ್ನೂ ಎಡಕ್ಕೆ, ನಿಧಾನ,
ಒಂದು ಗೇಣು, ಅರ್ಧ ಗೇಣು, ಬಸ್.
ಐದು ವರ್ಷದಿಂದ ಅವನ ಕಣ್ಣಲ್ಲೇ ಟನ್ನುಗಟ್ಟಲೆ ಇಳಿಸಿದ್ದೇನೆ.

ಬಗ್ಗಿ, ನಿಲ್ಮಿಣಿಯ ಕಿವಿಯ ಹತ್ತಿರ ಶುರು ಮಾಡಿದೆ:
'ನಾಲ್ವರು ಬಂದರು. ಬಿಳಿ ನಿಲುವಂಗಿ, ಕಸೂತಿ ಟೊಪ್ಪಿಗೆ.
ಒಬ್ಬನ ಕಂಕುಳಲ್ಲಿ ಆಡಿನ ಚರ್ಮದ ಚೀಲ, ಅದಕ್ಕೆ ಕೊಳವೆ.
ಊದುತ್ತಿದ್ದಾನೆ. ಕೆನ್ನೆ ಬೋಂಡಾ ಆಗಿದೆ.
ಡೋಲಿನವನು ವಾಚು ನೋಡಿಕೊಂಡ.'
ಅವಳು ನಕ್ಕಳು. ನನಗೆ ಹುರುಪು ಬಂತು.
ಹಬ್ಬಾನ್ ಅಂತೆ ಆ ವಾದ್ಯ, ಪಕ್ಕದವನು ಹೇಳಿದ.
ನಮ್ಮ ಹಬ್ಬಕ್ಕೇ ಬಾಲ ಅಂಟಿಸಿದ ಹಾಗೆ!
ಅದನ್ನೂ ಹೇಳಿದೆ. ದೀಪದ ಬಣ್ಣ ಹೇಳಿದೆ,
ಬಿದ್ದ ಮೈಕು, ಎತ್ತಿಕೊಟ್ಟ ಹುಡುಗ, ಅವನ ಹವಾಯಿ ಚಪ್ಪಲಿ.
ಇಡೀ ವೇದಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ
ಅವಳ ಮುಂದೆ ಇಳಿಸುತ್ತಿದ್ದೆ,
ಒಂದು ಗೇಣು, ಅರ್ಧ ಗೇಣು...

'ಬಸ್' ಅಂದಳು.
'ಸಾಕು. ಈಗ ಸ್ವಲ್ಪ ಕೇಳಿಸಲಿ ಬಿಡು.'
ಹಿಂದಿನಿಂದ 'ಹೌದೌದು' ಅಂದರು, ಮೂರು ಭಾಷೆಯಲ್ಲಿ.

ಬಾಯಿ ಮುಚ್ಚಿದೆ.
ಅವಳ ಕಾಲು ತಾಳ ಹಾಕುತ್ತಿತ್ತು,
ಬಹುಪಾಲು ನನ್ನ ಬೂಟಿನ ಮೇಲೆ.
ನಾನು ಕಾಲು ತೆಗೆಯಲಿಲ್ಲ.

ಹತ್ತೂವರೆಗೆ ಕ್ಯಾಂಪಿನ ಬಸ್ಸು.
ಹತ್ತುವಾಗ ಹಣೆ ಬಾಗಿಲಿಗೆ ಬಡಿಯಿತು, ಎಂದಿನಂತೆ.
ಕಡೆಯ ಸೀಟು. ಕತ್ತು ಹಿಡಿದಿತ್ತು.

ಶನಿವಾರ ಬೆಳಿಗ್ಗೆ ಮೇಲಿನಿಂದ ಕೇಳಿದೆ,
'ದಿಲಾವರ್, ನಾನು ಯಾವತ್ತಾದರೂ ನಿನಗೆ
ಸಾಕು, ಬಾಯಿ ಮುಚ್ಚು ಅಂದಿದ್ದೇನಾ?'
ಗರಗರ ಸದ್ದು. ಆಮೇಲೆ ಅವನ ದನಿ:
'ಕಬ್ಬಿಣ ನೇತಾಡ್ತಿದೆ.
ಎಡಕ್ಕೆ ಬಾ.'